ಗೊಂಬೆಯ ಮುಂದೆ ದುಃಖ ತೋಡಿಕೊಳ್ಳುವುದನ್ನು ಕ್ರಮಬದ್ಧಗೊಳಿಸುವ ಬಗ್ಗೆ

ಶುಶ್ರೂಷಾ ಮತ್ತು ದಂತ ಶಿಕ್ಷಣ ಸಂಯುಕ್ತ ಕಾಲೇಜು
ಆಡಳಿತ ವಿಭಾಗ (ಮನೋಸ್ಥೈರ್ಯ ಹಾಗೂ ಕೊಳಾಯಿ ದುರಸ್ತಿ ಶಾಖೆ)

ಸುತ್ತೋಲೆ ಸಂಖ್ಯೆ: ಶುದಂ/ಮನೋ-ಕೊಳಾ/ಗೊಂಬೆ/7

ವಿಷಯ: ಕೌಶಲ ಕೊಠಡಿಯ ಕಿಟಕಿ ಪಕ್ಕದ ಮಂಚದ ಮೇಲಿರುವ ಅಭ್ಯಾಸದ ಗೊಂಬೆಯ ಬಳಿ ವಿದ್ಯಾರ್ಥಿಗಳು ದುಃಖ ತೋಡಿಕೊಳ್ಳುತ್ತಿರುವ ಬಗ್ಗೆ, ಹಾಗೂ ಸದರಿ ಗೊಂಬೆಯು ಉತ್ತರ ಕೊಡುತ್ತಿರುವ ಬಗ್ಗೆ.

ಉಲ್ಲೇಖ:
(1) ಮನೋಸ್ಥೈರ್ಯ ಕಾರ್ಯಾಗಾರದ ಸುತ್ತೋಲೆ (ಭಾನುವಾರ, ಹಾಜರಾತಿ ಕಡ್ಡಾಯ, ನಗು ಕಡ್ಡಾಯ).
(2) ಗೊಂಬೆ ಸರಬರಾಜುದಾರರ ಪತ್ರ.
(3) ದಂತ ವಿಭಾಗದ ಮುಖ್ಯಸ್ಥರ ಆಕ್ಷೇಪಣೆ, ಮತ್ತು ಅದಕ್ಕೆ ಶುಶ್ರೂಷಾ ವಿಭಾಗದ ಮುಖ್ಯಸ್ಥರ ಪ್ರತ್ಯಾಕ್ಷೇಪಣೆ.
(4) ವಿಚಾರಣಾ ಸಮಿತಿಯ ನಡವಳಿ (ಕೊನೆಯ ಪುಟ ಸ್ವಲ್ಪ ಒದ್ದೆಯಾಗಿದೆ).

ಪ್ರಸ್ತಾವನೆ:

ಈ ಕಾಲೇಜಿನ ಶುಶ್ರೂಷಾ ಹಾಗೂ ದಂತ ವಿದ್ಯಾರ್ಥಿಗಳಲ್ಲಿ ಮಾನಸಿಕ ಒತ್ತಡವಿದೆ ಎಂಬ ಅಂಶವು ಆಡಳಿತದ ಗಮನಕ್ಕೆ ಬಂದಿರುತ್ತದೆ. ಅದನ್ನು ನಿವಾರಿಸಲೆಂದು ವಿದ್ಯಾರ್ಥಿಗಳಿಗಿದ್ದ ಒಂದೇ ರಜಾದಿನದಂದು ಉಲ್ಲೇಖ (1)ರ ಕಾರ್ಯಾಗಾರವನ್ನು ಏರ್ಪಡಿಸಿ, ಕೊನೆಯಲ್ಲಿ ಲಿಖಿತ ಪರೀಕ್ಷೆ ನಡೆಸಿ, ಮನೋಸ್ಥೈರ್ಯದಲ್ಲಿ ನಪಾಸಾದವರಿಗೆ ಮರುಪರೀಕ್ಷೆಯನ್ನೂ ಘೋಷಿಸಲಾಗಿತ್ತು. ಇಷ್ಟೆಲ್ಲ ಮಾಡಿದರೂ ಒತ್ತಡ ಇಳಿಯದಿರುವುದು ಆಡಳಿತಕ್ಕೆ ಅಚ್ಚರಿ ತಂದಿದೆ. ಆಪ್ತ ಸಮಾಲೋಚಕರ ಹುದ್ದೆ ಖಾಲಿ ಇದೆ ಎಂಬ ದೂರಿನಲ್ಲಿ ಹುರುಳಿಲ್ಲ. ಹುದ್ದೆಯಲ್ಲಿ ಒಬ್ಬರಿದ್ದಾರೆ. ಅವರು ವಿದ್ಯಾರ್ಥಿಗಳ ಕಷ್ಟ ಕೇಳಿ ಕೇಳಿ ತಾವೇ ಒತ್ತಡಕ್ಕೊಳಗಾಗಿ ದೀರ್ಘ ರಜೆಯಲ್ಲಿದ್ದು, ಅವರ ಕೊಠಡಿಯಲ್ಲಿ ಸದ್ಯಕ್ಕೆ ಹಳೆಯ ನಲ್ಲಿಗಳನ್ನು ಇರಿಸಲಾಗಿದೆ.

ಹೀಗಿರುವಲ್ಲಿ, ಚುಚ್ಚುಮದ್ದು ಕೊಡುವುದನ್ನೂ ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದನ್ನೂ ಕಲಿಯಲೆಂದು ಮಲಗಿಸಿರುವ ರಬ್ಬರಿನ ಗೊಂಬೆಯ ಪಕ್ಕ ವಿದ್ಯಾರ್ಥಿಗಳು ಸ್ಟೂಲು ಎಳೆದುಕೊಂಡು ಕುಳಿತು, ಅದರ ಕೈ ಹಿಡಿದು, ಅಳುತ್ತಿರುವುದು ಕಂಡುಬಂದಿರುತ್ತದೆ. ಗೊಂಬೆಗೆ ಅವರು 'ದೊಡ್ಡಪ್ಪ' ಎಂದು ಹೆಸರಿಟ್ಟಿದ್ದಾರೆ. ಅಳು ಒಂದು ಹಂತಕ್ಕೆ ಬಂದಾಗ ದೊಡ್ಡಪ್ಪ "ಊಟ ಆಯ್ತಾ?" ಎಂದು ಕೇಳುತ್ತಾನೆಂದೂ, ಆಮೇಲೆ ವಿದ್ಯಾರ್ಥಿಗಳು ಮೂಗು ಒರೆಸಿಕೊಂಡು ಎದ್ದು ಊಟಕ್ಕೆ ಹೋಗುತ್ತಾರೆಂದೂ ವರದಿಯಾಗಿದೆ. ಗೊಂಬೆಗೆ ಈ ಸೌಲಭ್ಯ ಮೊದಲಿನಿಂದಲೂ ಇದೆಯೆಂದು ಭಾವಿಸಿ, ಇಂಥವೇ ಇನ್ನಷ್ಟು ಗೊಂಬೆಗಳನ್ನು ತರಿಸಿ ಸಮಾಲೋಚಕರ ಹುದ್ದೆಯನ್ನೇ ತೆಗೆದುಬಿಡುವ ಸದುದ್ದೇಶದಿಂದ ಸರಬರಾಜುದಾರರಿಗೆ ಬರೆಯಲಾಯಿತು. ಈ ಮಾದರಿಗೆ ಉಸಿರಾಟ ಮತ್ತು ಕೆಮ್ಮು ಮಾತ್ರ ಇವೆ, ಅಕ್ಕರೆ ಇಲ್ಲ, ಎಂದು ಅವರು ಉತ್ತರಿಸಿರುತ್ತಾರೆ.

ತರುವಾಯ ನೇಮಿಸಲಾದ ವಿಚಾರಣಾ ಸಮಿತಿಯು ಮಂಚದ ಪಕ್ಕದ ಹಸಿರು ಪರದೆಯನ್ನು ಸರಿಸಿ ನೋಡಲಾಗಿ, ಒಗೆದ ಬೆಡ್‌ಶೀಟುಗಳನ್ನು ಮಡಚುತ್ತಿದ್ದ ಅಂತಿಮ ವರ್ಷದ ಶುಶ್ರೂಷಾ ವಿದ್ಯಾರ್ಥಿನಿಯೊಬ್ಬಳು (ಇನ್ನು ಮುಂದೆ 'ಸದರಿ ಧ್ವನಿ') ಪತ್ತೆಯಾಗಿರುತ್ತಾಳೆ. ಕಾಲೇಜಿನ ಸ್ವತ್ತಿನ ಸೋಗು ಹಾಕಿದ ಆರೋಪದ ಮೇಲೆ ಆಕೆಯ ಅಂತಿಮ ಪರೀಕ್ಷೆಯ ಹಾಲ್ ಟಿಕೆಟನ್ನು ತಡೆಹಿಡಿಯಲಾಗಿದೆ. ಪರೀಕ್ಷೆ ಮುಂದಿನ ವಾರ. ಹಾಲ್ ಟಿಕೆಟ್ ಸಿಗದಿದ್ದರೆ ಆಕೆಯ ಒಂದು ವರ್ಷ ಹಾಳಾಗುತ್ತದೆ. ಈ ಬಗ್ಗೆ ಆದೇಶ ಖಂಡಿಕೆ 9ರಲ್ಲಿದ್ದು, ನೇರವಾಗಿ ಅಲ್ಲಿಗೆ ಹಾರದೆ ಎಲ್ಲರೂ ಅನುಕ್ರಮವಾಗಿ ಓದತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

ಸೂಚನೆಗಳು:

1. ಗೊಂಬೆಯನ್ನು ಯಾರೂ 'ದೊಡ್ಡಪ್ಪ' ಎಂದು ಕರೆಯತಕ್ಕದ್ದಲ್ಲ. ಅದರ ಅಧಿಕೃತ ಹೆಸರು 'ಪೂರ್ಣದೇಹ ಅಭ್ಯಾಸ ಪ್ರತಿರೂಪ, ವಯಸ್ಕ, ಪುರುಷ, ತೊಳೆಯಬಹುದಾದದ್ದು'. ಈ ಸುತ್ತೋಲೆಯಲ್ಲಿ ಜಾಗದ ಉಳಿತಾಯಕ್ಕಾಗಿ ಮಾತ್ರ ಅದನ್ನು ದೊಡ್ಡಪ್ಪ ಎಂದು ಕರೆಯಲಾಗುವುದು.

2. ವ್ಯಾಪ್ತಿ: ದೊಡ್ಡಪ್ಪ ಶುಶ್ರೂಷಾ ವಿಭಾಗದ ಸ್ವತ್ತು. ದಂತ ವಿಭಾಗಕ್ಕೆ ಹಲ್ಲು ಕೊರೆಯುವ ಅಭ್ಯಾಸಕ್ಕೆಂದು ಪ್ರತ್ಯೇಕವಾಗಿ ತಲೆಗಳನ್ನು ಒದಗಿಸಲಾಗಿದ್ದು, ಆ ತಲೆಗಳಿಗೆ ಕಿವಿ ಇಲ್ಲದ ಕಾರಣ ದಂತ ವಿದ್ಯಾರ್ಥಿಗಳು ಸಾಲುಗಟ್ಟಿ ದೊಡ್ಡಪ್ಪನ ಬಳಿಗೆ ಬರುತ್ತಿದ್ದಾರೆ. ಬಾಯಿ ಇದ್ದಲ್ಲೆಲ್ಲ ತಮಗೆ ಹಕ್ಕಿದೆ ಎಂಬುದು ದಂತ ವಿಭಾಗದ ವಾದ. ಇದನ್ನು ಪರಿಶೀಲಿಸಿ, ದಂತ ವಿದ್ಯಾರ್ಥಿಗಳು ಕುತ್ತಿಗೆಯಿಂದ ಮೇಲಿನ ದುಃಖಗಳನ್ನೂ, ಶುಶ್ರೂಷಾ ವಿದ್ಯಾರ್ಥಿಗಳು ಕುತ್ತಿಗೆಯಿಂದ ಕೆಳಗಿನ ದುಃಖಗಳನ್ನೂ ಹೇಳಿಕೊಳ್ಳತಕ್ಕದ್ದೆಂದು ತೀರ್ಮಾನಿಸಲಾಗಿದೆ. ಎದೆ ಒಡೆದುಕೊಂಡ ದಂತ ವಿದ್ಯಾರ್ಥಿಗಳು ಶುಶ್ರೂಷಾ ವಿಭಾಗದಿಂದ ನಿರಾಕ್ಷೇಪಣಾ ಪತ್ರ ತರತಕ್ಕದ್ದು. ಗಂಟಲಲ್ಲಿ ಸಿಕ್ಕಿಕೊಂಡ ದುಃಖವು ಗಡಿ ವಿವಾದವಾಗಿದ್ದು, ಜಂಟಿ ಸಮಿತಿಯ ವರದಿ ಬರುವವರೆಗೂ ಅದನ್ನು ನುಂಗಿಕೊಂಡಿರತಕ್ಕದ್ದು.

3. ಅಳಲು ಇಚ್ಛಿಸುವವರು ದುಃಖ ಬರುವ ಹಿಂದಿನ ದಿನವೇ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ತುರ್ತು ಅಳುವಿಗೆ ವಿನಾಯಿತಿ ಇದೆ. ಆದರೆ ತುರ್ತು ಎಂದು ಬಾಯಿಬಿಟ್ಟು ಹೇಳುವಷ್ಟು ಶಕ್ತಿ ಉಳಿದವರ ಅಳುವನ್ನು ತುರ್ತು ಎಂದು ಪರಿಗಣಿಸಲಾಗುವುದಿಲ್ಲ.

4. ಒಪ್ಪಿತ ವಿಷಯಗಳು: ಮೌಖಿಕ ಪರೀಕ್ಷೆಯಲ್ಲಿ ಗೊತ್ತಿದ್ದದ್ದೂ ಮರೆತುಹೋದದ್ದು, ಹಾಸಿಗೆಯ ಮೂಲೆಗಳನ್ನು ಚೊಕ್ಕಟವಾಗಿ ಮಡಚಿ ಸಿಕ್ಕಿಸಿದ್ದನ್ನು ಮೇಲ್ವಿಚಾರಕಿ ಎಲ್ಲರೆದುರು ಎಳೆದು ಕೆಡವಿದ್ದು, ಮೊದಲ ಬಾರಿ ರೋಗಿಯೊಬ್ಬರು ತೀರಿಕೊಂಡದ್ದು. ದಂತ ವಿದ್ಯಾರ್ಥಿಗಳು ಪರೀಕ್ಷೆಗೆ ಕೂರಬೇಕಾದರೆ ಇಂತಿಷ್ಟು ಮಂದಿ ಹುಳುಕು ಹಲ್ಲಿನವರನ್ನು ತಾವೇ ಹುಡುಕಿ ತಂದು ಹಲ್ಲು ತುಂಬಬೇಕಾಗಿರುವುದರಿಂದ, ಹಲ್ಲು ಕೊಡುತ್ತೇನೆಂದು ಮಾತು ಕೊಟ್ಟಿದ್ದ ಸೋದರಮಾವ ಕೊನೆಯ ಗಳಿಗೆಯಲ್ಲಿ ಅದನ್ನು ಬೇರೆ ಕಾಲೇಜಿನ ಹುಡುಗನಿಗೆ ಕೊಟ್ಟುಬಿಟ್ಟ ದುಃಖವನ್ನೂ ಸೇರಿಸಲಾಗಿದೆ. ಸೋದರಮಾವನಿಗೆ ಶಾಪ ಹಾಕುವಂತಿಲ್ಲ. ಅವರಿಗೆ ಇನ್ನೂ ಹಲ್ಲುಗಳಿವೆ. ಅಧ್ಯಾಪಕರ ಬಗ್ಗೆ ದೂರುವಾಗ 'ಒಬ್ಬರು' ಎಂದಷ್ಟೇ ಹೇಳತಕ್ಕದ್ದು, ಏಕೆಂದರೆ ಕೆಲವು ಅಧ್ಯಾಪಕರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ.

5. ಕಷ್ಟ ಹೇಳಿಕೊಂಡ ನಂತರ ಶುಶ್ರೂಷಾ ವಿದ್ಯಾರ್ಥಿಗಳು ಅಭ್ಯಾಸಬಲದಿಂದ ತಮ್ಮ ರಕ್ತದೊತ್ತಡವನ್ನೇ ದೊಡ್ಡಪ್ಪನದೆಂದು ಕಾಲುಗಡೆಯ ಚಾರ್ಟಿನಲ್ಲಿ ಬರೆಯುತ್ತಿರುವುದು ಕಂಡುಬಂದಿದೆ. ಪರೀಕ್ಷೆ ಹತ್ತಿರವಾದಂತೆಲ್ಲ ಒತ್ತಡ ಏರುತ್ತಿರುವುದನ್ನು ನೋಡಿದ, ಹೊರಗಿನಿಂದ ಬಂದ ತಪಾಸಣಾ ತಂಡವು ಗಾಬರಿಗೊಂಡು, ರೋಗಿಗೆ ಸಂಪೂರ್ಣ ವಿಶ್ರಾಂತಿ ಕೊಡುವಂತೆ ಶಿಫಾರಸು ಮಾಡಿತು. ಅದರಂತೆ ದೊಡ್ಡಪ್ಪನಿಗೆ ವೈದ್ಯಕೀಯ ರಜೆ ಮಂಜೂರಾಗಿದ್ದು, ಅದನ್ನು ಆತ ಅದೇ ಮಂಚದ ಮೇಲೆ ಕಳೆಯುತ್ತಿದ್ದಾನೆ. ವಿದ್ಯಾರ್ಥಿಗಳ ರಜೆ ಅರ್ಜಿಗಳು ಇನ್ನೂ ಪರಿಶೀಲನೆಯಲ್ಲಿವೆ. ದಂತ ವಿದ್ಯಾರ್ಥಿಗಳು ಕೆಟ್ಟ ಸುದ್ದಿ ಹೇಳುವ ಮುನ್ನ ದೊಡ್ಡಪ್ಪನ ದವಡೆಗೆ ಮರಗಟ್ಟಿಸುವ ಚುಚ್ಚುಮದ್ದು ಕೊಡುವುದನ್ನು ಕೂಡಲೇ ನಿಲ್ಲಿಸತಕ್ಕದ್ದು.

6. ಕಣ್ಣೀರು ರಬ್ಬರಿಗೆ ಹಾನಿಕರ. ಆದ್ದರಿಂದ ಮುಖವನ್ನು ಮಂಚದಿಂದ ಆಚೆಗೆ ತಿರುಗಿಸಿ, ಶಾಖೆಯಿಂದ ಒದಗಿಸಲಾದ ಬಕೆಟ್ಟಿನ ಕಡೆಗೆ ಅಳತಕ್ಕದ್ದು. ಅಳು ಮತ್ತು ನಲ್ಲಿ ಸೋರಿಕೆಯ ದೂರುಗಳನ್ನು ಬೇರೆ ಬೇರೆಯಾಗಿ ಸಲ್ಲಿಸತಕ್ಕದ್ದು. ಈಚೆಗೆ ಎರಡೂ ಬೆರೆತು, ಮಹಡಿ ಮೆಟ್ಟಿಲ ಮೇಲೆ ಅಳುತ್ತ ಕುಳಿತಿದ್ದ ವಿದ್ಯಾರ್ಥಿನಿಯ ಬಳಿಗೆ ಕೊಳಾಯಿ ರಿಪೇರಿಯವರನ್ನು ಕಳಿಸಲಾಯಿತು. ಅವರು ಸ್ಪ್ಯಾನರ್ ತೆಗೆದು "ಎಲ್ಲಮ್ಮಾ ಸೋರ್ತಿರೋದು?" ಎಂದು ಕೇಳಿದ್ದಾರೆ. ಆಕೆ ಮಧ್ಯಾಹ್ನದವರೆಗೂ ಹೇಳಿದ್ದಾಳೆ. ಕೊಳಾಯಿ ರಿಪೇರಿಯವರು ಮರುದಿನದಿಂದ ರಜೆ ಕೇಳಿದ್ದಾರೆ.

7. ಉತ್ತರಗಳ ಪ್ರಮಾಣೀಕರಣ: 'ಊಟ ಆಯ್ತಾ' ಎಂಬ ಪ್ರಶ್ನೆಯು ಯಾವುದೇ ಪಠ್ಯಕ್ರಮದಲ್ಲಿ ಇಲ್ಲದ ಕಾರಣ, ಅದರ ಬದಲಿಗೆ ತಜ್ಞರಿಂದ ಅನುಮೋದಿತ ಉತ್ತರಗಳನ್ನು ಸಿದ್ಧಪಡಿಸಲಾಯಿತು: 'ತಮ್ಮ ದುಃಖವನ್ನು ಸ್ವೀಕರಿಸಲಾಗಿದೆ', 'ತಮ್ಮ ದುಃಖವನ್ನು ಸೂಕ್ತ ವಿಭಾಗಕ್ಕೆ ವರ್ಗಾಯಿಸಲಾಗಿದೆ', 'ಇದೇ ವಿಷಯಕ್ಕೆ ತಾವು ಈ ಹಿಂದೆಯೂ ಅತ್ತಿರುವುದು ಕಂಡುಬರುತ್ತದೆ'. ಪ್ರಾಯೋಗಿಕವಾಗಿ ಕಚೇರಿಯ ಗುಮಾಸ್ತರನ್ನು ಪರದೆಯ ಹಿಂದೆ ಕೂರಿಸಿ ಇವುಗಳನ್ನು ಓದಿಸಲಾಯಿತು. ಅಂದು ಅಳಲು ಬಂದವರಲ್ಲಿ ಒಬ್ಬ ಅಳು ಮರೆತು ಪರದೆಗೆ ನಮಸ್ಕಾರ ಮಾಡಿ ಹೊರಟುಹೋದ. ಇನ್ನೊಬ್ಬಳು ಅರ್ಜಿ ಎಲ್ಲಿ ಸಿಗುತ್ತದೆಂದು ಕೇಳಿದಳು. ಮೂರನೆಯವಳು ಏನೂ ಕೇಳದೆ ಸುಮ್ಮನೆ ಹೋದಳು, ಮತ್ತು ಅಂದು ಊಟದ ಹಾಲಿಗೂ ಬರಲಿಲ್ಲ. ಇದರಿಂದ ಗುಮಾಸ್ತರ ಮನಸ್ಸು ಕೆಟ್ಟಿದ್ದು, ಅವರೂ ಖಂಡಿಕೆ 3ರಂತೆ ಅರ್ಜಿ ಸಲ್ಲಿಸಿದ್ದಾರೆ. ಪ್ರಯೋಗವನ್ನು ಕೈಬಿಡಲಾಗಿದೆ.

8. ವಿಚಾರಣೆಯ ಸಾರಾಂಶ: ಸದರಿ ಧ್ವನಿಯು ಸಮಿತಿಯ ಮುಂದೆ ಹಾಜರಾಗಿ ಕೊಟ್ಟ ಹೇಳಿಕೆಯನ್ನು ಆಕೆಯ ಮಾತಿನಲ್ಲೇ ದಾಖಲಿಸಲಾಗಿದೆ: "ಮೊದಲ್ನೇ ವರ್ಷದ ಡೆಂಟಲ್ ಹುಡುಗಿ ಸರ್. ಅವಳು ಮೇಣದಲ್ಲಿ ಕೆತ್ತಿದ್ದ ದವಡೆ ಹಲ್ಲನ್ನ ನೋಡಿ, ಇದು ಹಲ್ಲಲ್ಲ ಆಲೂಗಡ್ಡೆ ಅಂತ ಒಬ್ಬರು ಹಿಸುಕಿ ಹಾಕಿದ್ರಂತೆ. ಬಂದು ದೊಡ್ಡಪ್ಪನ ಕೈ ಹಿಡ್ಕೊಂಡು ಬಿಕ್ಕಿ ಬಿಕ್ಕಿ ಅಳ್ತಿದ್ಲು. ನಾನು ಪರದೆ ಹಿಂದೆ ಇದ್ದೆ. ಏನ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಊಟ ಆಯ್ತಾ ಅಂದೆ. ಅವಳು, ಇಲ್ಲ ದೊಡ್ಡಪ್ಪ, ಅಂದ್ಲು. ಆಮೇಲೆ ಪರದೆ ಸರಿಸಿ, ದೊಡ್ಡಪ್ಪ ಅಲ್ಲಮ್ಮ, ನಾನು, ಅಂತ ಹೇಗೆ ಹೇಳ್ಲಿ ಸರ್?"

ಮೋಸ ಹೋದವಳೆಂದು ಸಮಿತಿಯು ಭಾವಿಸಿದ್ದ ಸದರಿ ಮೊದಲನೇ ವರ್ಷದ ವಿದ್ಯಾರ್ಥಿನಿಯನ್ನು ಸಾಕ್ಷಿಯಾಗಿ ಕರೆಸಲಾಯಿತು. ಆಕೆಯ ಹೇಳಿಕೆ: "ಅಕ್ಕನೇ ಅಂತ ಎಲ್ರಿಗೂ ಗೊತ್ತು ಸರ್. ಹೋದ ತಿಂಗಳು ದೊಡ್ಡಪ್ಪನಿಗೆ ನೆಗಡಿ ಆಗಿತ್ತು. ಗೊಂಬೆಗೆಲ್ಲಿ ನೆಗಡಿ ಆಗುತ್ತೆ? ಆದ್ರೆ ಅಕ್ಕನ ಮುಖ ನೋಡ್ಕೊಂಡು ಹೇಳೋಕೆ ಒಂಥರಾ ಆಗುತ್ತೆ. ದೊಡ್ಡಪ್ಪನಿಗೆ ಹೇಳಿದ್ರೆ ಅಕ್ಕನಿಗೆ ಕೇಳ್ಸುತ್ತೆ, ಅಷ್ಟೇ." ವಿಷಯವು ಇಡೀ ಕಾಲೇಜಿನಲ್ಲಿ ಗೊತ್ತಿಲ್ಲದಿದ್ದುದು ಆಡಳಿತ ವಿಭಾಗಕ್ಕೆ ಮಾತ್ರ ಎಂದು ಇದರಿಂದ ವಿದಿತವಾಗುತ್ತದೆ.

ಅಷ್ಟರಲ್ಲಿ ಮಧ್ಯಾಹ್ನದ ಬಿಡುವಿನ ಗಂಟೆ ಹೊಡೆಯಿತು. ಸಮಿತಿಯ ಅಧ್ಯಕ್ಷರು ಕಲಾಪವನ್ನು ಮುಂದೂಡುವ ಉದ್ದೇಶದಿಂದಷ್ಟೇ, ಬೇರಾವ ಉದ್ದೇಶವೂ ಇಲ್ಲದೆ, ಸದರಿ ಧ್ವನಿಯನ್ನು "ನಿಂದು ಊಟ ಆಯ್ತೇನಮ್ಮ?" ಎಂದು ಕೇಳಿದರು. ಆಕೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಈ ಪ್ರಶ್ನೆಯನ್ನು ಕಾಲೇಜಿಗೆ ಸೇರಿದಂದಿನಿಂದ ಆಕೆಯನ್ನು ಯಾರೂ ಕೇಳಿರಲಿಲ್ಲವೆಂದು ಆಮೇಲೆ ತಿಳಿಯಿತು. ಅರ್ಜಿ ಇರಲಿಲ್ಲ, ಬಕೆಟ್ಟೂ ಇರಲಿಲ್ಲ, ಮತ್ತು ಅಳು ಕುತ್ತಿಗೆಯ ಮೇಲಿನದೋ ಕೆಳಗಿನದೋ ಎಂದು ಸಮಿತಿಯಲ್ಲಿದ್ದ ಉಭಯ ವಿಭಾಗಗಳ ಮುಖ್ಯಸ್ಥರೂ ಕೇಳಲಿಲ್ಲ. ಅವರಿಬ್ಬರೂ ಮೇಜಿನ ಮೇಲಿದ್ದ ಕಾಗದಗಳನ್ನೇ ನೋಡುತ್ತ ಕುಳಿತಿದ್ದರು. ಸಮಿತಿಗೆ ತುಂಬಾ ಸಂಕಟವಾಯಿತು ಎಂದು ನಡವಳಿಯಲ್ಲಿ ದಾಖಲಿಸಲಾಗಿದೆ. ಇಂಥದ್ದನ್ನು ದಾಖಲಿಸಲು ನಡವಳಿಯಲ್ಲಿ ಕಾಲಂ ಇಲ್ಲದಿದ್ದುದರಿಂದ 'ಇತರೆ ವೆಚ್ಚಗಳು' ಎಂಬಲ್ಲಿ ಬರೆಯಲಾಗಿದೆ.

9. ಆದೇಶ: ಸೋಗು ಹಾಕಿದ ಅಪರಾಧ ಸಾಬೀತಾಗಲು ಯಾರಾದರೂ ಮೋಸ ಹೋಗಿರಬೇಕು. ವಿದ್ಯಾರ್ಥಿಗಳು ಮೋಸ ಹೋಗಿಲ್ಲ. ದೊಡ್ಡಪ್ಪ ಹೇಳಿಕೆ ನೀಡಲು ನಿರಾಕರಿಸಿದ್ದಾನೆ. ಮೋಸ ಹೋದದ್ದು ಆಡಳಿತ ವಿಭಾಗ ಒಂದೇ ಆಗಿದ್ದು, ಸದರಿ ವಿಭಾಗವು ಗೊಂಬೆಗೆ ಮಾತು ಬರುತ್ತದೆಂದು ನಂಬಿ ಸರಬರಾಜುದಾರರಿಗೆ ಪತ್ರ ಬರೆದಿದ್ದನ್ನು ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಅಲ್ಲಿ ಒಪ್ಪಿಕೊಳ್ಳಲು ಸಿದ್ಧವಿಲ್ಲ. ಆದ್ದರಿಂದ ಆರೋಪವನ್ನು ಕೈಬಿಡಲಾಗಿದೆ. ಸದರಿ ಧ್ವನಿಗೆ ಹಾಲ್ ಟಿಕೆಟನ್ನು ಇಂದೇ ಕೊಡತಕ್ಕದ್ದು.

10. ಪರೀಕ್ಷೆ ಮುಗಿಯುವವರೆಗೆ ಸದರಿ ಧ್ವನಿಯು ಪರದೆಯ ಹಿಂದೆ ಕೂರತಕ್ಕದ್ದಲ್ಲ. ಆಕೆ ಪ್ರತಿದಿನ ಮಧ್ಯಾಹ್ನದ ಬಿಡುವಿನಲ್ಲಿ ಪರದೆಯ ಈಚೆಗೆ, ದೊಡ್ಡಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂರತಕ್ಕದ್ದು. ಏನಾದರೂ ಹೇಳಬಹುದು, ಸುಮ್ಮನೆಯೂ ಇರಬಹುದು. ಪರದೆಯ ಹಿಂದೆ ಆಡಳಿತ ವಿಭಾಗದ ಅಧಿಕಾರಿಗಳು ಸರದಿಯಂತೆ ಕುಳಿತು ಬೆಡ್‌ಶೀಟುಗಳನ್ನು ಮಡಚತಕ್ಕದ್ದು. ಅವರು ಒಂದೇ ಒಂದು ಪ್ರಶ್ನೆಯನ್ನು ಕೇಳಲು ಅಧಿಕಾರ ಹೊಂದಿರುತ್ತಾರೆ. ಅನುಮೋದಿತ ಉತ್ತರಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಬರತಕ್ಕದ್ದಲ್ಲ. ಮೊದಲ ಸರದಿ ಕೆಳಗೆ ಸಹಿ ಮಾಡಿದವರದು. ಅವರಿಗೆ ಬೆಡ್‌ಶೀಟ್ ಮಡಚಲು ಬಾರದ ಕಾರಣ ಸುಕ್ಕುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಶುಶ್ರೂಷಾ ವಿಭಾಗವನ್ನು ಕೋರಲಾಗಿದೆ.

ಮೇಲಿನ ಸೂಚನೆಗಳನ್ನು ಉಲ್ಲಂಘಿಸಿದವರನ್ನು ಉಲ್ಲೇಖ (1)ರ ಕಾರ್ಯಾಗಾರಕ್ಕೆ ಮತ್ತೊಮ್ಮೆ ಕಳಿಸಲಾಗುವುದು. ಇದಕ್ಕಿಂತ ಹೆಚ್ಚಿನ ಶಿಕ್ಷೆ ಕೊಡಲು ಈ ಕಚೇರಿಗೆ ಅಧಿಕಾರವಿಲ್ಲ.

ಸಹಿ/-
ಆಡಳಿತಾಧಿಕಾರಿ
(ಮನೋಸ್ಥೈರ್ಯ ಹಾಗೂ ಕೊಳಾಯಿ ದುರಸ್ತಿ)

ಪ್ರತಿಗಳು:

1. ಶುಶ್ರೂಷಾ ಹಾಗೂ ದಂತ ವಿಭಾಗಗಳ ಮುಖ್ಯಸ್ಥರಿಗೆ, ಜಗಳವನ್ನು ಖಂಡಿಕೆ 2ಕ್ಕೆ ಸೀಮಿತಗೊಳಿಸುವ ಕೋರಿಕೆಯೊಂದಿಗೆ.
2. ಗೊಂಬೆ ಸರಬರಾಜುದಾರರಿಗೆ, ದಂತ ವಿಭಾಗದ ತಲೆಗಳಿಗೆ ತಲಾ ಎರಡು ಕಿವಿಗಳನ್ನು ಒದಗಿಸುವ ಬಗ್ಗೆ.
3. ಆಪ್ತ ಸಮಾಲೋಚಕರಿಗೆ (ದೀರ್ಘ ರಜೆಯಲ್ಲಿ). ಬೇಗ ಚೇತರಿಸಿಕೊಳ್ಳಿ. ಬೇಕಿದ್ದಲ್ಲಿ ದೊಡ್ಡಪ್ಪ ಲಭ್ಯವಿದ್ದು, ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸುವುದು.
4. ಕೊಳಾಯಿ ರಿಪೇರಿಯವರಿಗೆ. ರಜೆ ಮಂಜೂರಾಗಿದೆ. ಮರಳಿದ ಮೇಲೆ ನೇರವಾಗಿ ನಲ್ಲಿಯ ಬಳಿಗೆ ಹೋಗುವುದು.
5. ಕಚೇರಿಯ ಗುಮಾಸ್ತರಿಗೆ. ತಮ್ಮ ಅರ್ಜಿ ತಲುಪಿದೆ. ಊಟದ ಹಾಲಿಗೆ ಬರದಿದ್ದ ಹುಡುಗಿ ಮರುದಿನ ಬಂದಿದ್ದಾಳೆ.
6. ದೊಡ್ಡಪ್ಪನಿಗೆ, ಕಿಟಕಿ ಪಕ್ಕದ ಮಂಚ. ಯಾರಾದರೂ ಓದಿ ಹೇಳತಕ್ಕದ್ದು.
7. ಕಚೇರಿ ಕಡತಕ್ಕೆ.
8. ಸದರಿ ಧ್ವನಿಗೆ, ಹಾಲ್ ಟಿಕೆಟನ್ನು ಲಗತ್ತಿಸಿ. ಊಟ ಆಯ್ತಾ? (ಉತ್ತರವನ್ನು ಯಾವ ನಮೂನೆಯಲ್ಲಾದರೂ ಕೊಡಬಹುದು.)