ಒಂದೇ ಕಾರಿನಲ್ಲಿ ಹೋದ ತಪ್ಪಿಗೆ

ಭೂಮಿಯನ್ನು ಉಳಿಸುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಸಂಜೆ ಕಾಫಿಯ ಹೊತ್ತಿಗೆ ಉಳಿಸಿ ಮನೆಗೆ ಬರಬಹುದು ಎಂಬುದು ನನ್ನ ಅಂದಾಜು.

ನಾನು ತರೀಕೆರೆಯ ಒಂದು ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು. ಹವಾಮಾನ ಬದಲಾವಣೆಯ ಪಾಠ ಮಾಡುವವನೂ ನಾನೇ. ಬೋರ್ಡಿನ ಮೇಲೆ ದುಂಡಗೆ ಭೂಮಿಯ ಚಿತ್ರ ಬರೆದು, ಅದರ ಬಾಯಿಗೆ ಒಂದು ಥರ್ಮಾಮೀಟರ್ ಇಟ್ಟು, "ಮಕ್ಕಳೇ, ಭೂಮಿಗೆ ಜ್ವರ ಬಂದಿದೆ!" ಎಂದು ನಾನು ಕೂಗಿದರೆ ಹಿಂದಿನ ಬೆಂಚಿನವರೂ ಒಂದು ಕ್ಷಣ ಮೊಬೈಲಿನಿಂದ ತಲೆ ಎತ್ತುತ್ತಾರೆ. ಈ ಮಾತಿನಿಂದ ನನಗೆ ಕಾಲೇಜಿನಲ್ಲಿ ಸ್ವಲ್ಪ ಹೆಸರೂ ಬಂದಿತ್ತು. ಹಾಗಾಗಿ ಪರಿಸರದ ಕಾರ್ಯಕ್ರಮಕ್ಕೆ ಭಾಷಣ ಮಾಡಲು ಪ್ರಾಂಶುಪಾಲರು ನನ್ನನ್ನೇ ಹಿಡಿದರು. ಹಿಡಿದವರು ಸುಮ್ಮನೆ ಬಿಡಲಿಲ್ಲ. "ಬರೀ ಮಾತು ಬೇಡ. ಸ್ವಂತ ನೀವೇನು ಮಾಡಿದ್ದೀರಿ, ಅದನ್ನ ಹೇಳಿ" ಎಂದರು.

ನಾನು ಸ್ವಂತ ಏನು ಮಾಡಿದ್ದೇನೆ ಎಂದು ಎರಡು ದಿನ ಹುಡುಕಿದೆ. ಏನೂ ಸಿಗಲಿಲ್ಲ!

ಆಗ ಕಣ್ಣಿಗೆ ಬಿದ್ದದ್ದು ನಮ್ಮ ಬೀದಿಯ ಮೆರವಣಿಗೆ. ಕಡೂರಿನ ನಮ್ಮ ಬೀದಿಯಿಂದ ದಿನಾ ಬೆಳಿಗ್ಗೆ ಮೂರು ಕಾರುಗಳು ತರೀಕೆರೆಗೆ ಹೊರಡುತ್ತವೆ. ಮೊದಲನೆಯದರಲ್ಲಿ ಅಲ್ಲಿ ಅಡಿಕೆ ಮಂಡಿ ಇಟ್ಟಿರುವ ರುದ್ರೇಶಪ್ಪ, ಒಬ್ಬರೇ. ಎರಡನೆಯದರಲ್ಲಿ ಹಲ್ಲಿನ ಡಾಕ್ಟರು ಮಧುಸೂದನ, ಅವರೂ ಒಬ್ಬರೇ. ಮೂರನೆಯದರಲ್ಲಿ ಭೂಮಿಗೆ ಜ್ವರ ಬಂತಲ್ಲಾ ಎಂಬ ಚಿಂತೆಯಲ್ಲಿ ನಾನು ಒಬ್ಬನೇ. ತರೀಕೆರೆ ಮುಟ್ಟುವವರೆಗೂ ಒಬ್ಬರ ಹೊಗೆಯನ್ನು ಇನ್ನೊಬ್ಬರು ಕುಡಿಯುತ್ತಾ ಹೋಗುತ್ತೇವೆ. ಮೂವರೂ ಒಂದೇ ಕಾರಿನಲ್ಲಿ ಹೋದರೆ? ಭಾಷಣಕ್ಕೆ ಭಾಷಣವೂ ಆಯಿತು, ಭೂಮಿಗೆ ಒಂದು ಮಾತ್ರೆ ನುಂಗಿಸಿದಂತೆಯೂ ಆಯಿತು.

ಭಾನುವಾರ ಸಂಜೆ ಇಬ್ಬರನ್ನೂ ಕಾಫಿಗೆ ಕರೆದು ವಿಷಯ ಹೇಳಿದೆ. ರುದ್ರೇಶಪ್ಪ ಲೋಟ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕೆ ಮೇಷ್ಟ್ರೇ, ಕಾರು ಮಾರ್ತಾ ಇದೀರಾ?"

"ಇಲ್ಲ ಸಾವ್ಕಾರ್ರೇ, ಹವಾಮಾನ..."

"ಹಲ್ಲು ನೋವಿದ್ರೆ ಹಾಗೇ ಹೇಳಿ ಸಾರ್, ಸಂಕೋಚ ಬೇಡ. ಅದಕ್ಕೆ ಇಷ್ಟೆಲ್ಲ ಯಾಕೆ?" ಎಂದರು ಡಾಕ್ಟರು.

ಭೂಮಿಗೋಸ್ಕರ, ಭೂಮಿಗೋಸ್ಕರ ಎಂದು ನಾನು ಎಷ್ಟು ಹೇಳಿದರೂ ಇಬ್ಬರೂ ಅದರ ಹಿಂದೆ ಇನ್ನೇನಿದೆ ಎಂದೇ ಇಣುಕಿದರು. ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು "ಆಯ್ತು ಬಿಡಿ, ನಾಳೆ ಹೋಗೋಣ" ಎಂದುಬಿಟ್ಟರು.

ಈಗ ನನಗೆ ಅನುಮಾನ ಶುರುವಾಯಿತು. ಇಷ್ಟು ಬೇಗ ಯಾಕೆ ಒಪ್ಪಿದರು? ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಾಲಿನವನು ಒಂದು ದಿನ ಕೈ ಧಾರಾಳ ಮಾಡಿದರೂ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುವವನು ನಾನು. ಹೆಂಡತಿ ಗಿರಿಜಾ ಈ ವಿಷಯದಲ್ಲಿ ನನಗೆ ಗುರು.

"ಯಾಕಂತ್ರೀ ಒಪ್ಕೊಂಡ್ರು?"

"ಭೂಮಿಗೋಸ್ಕರ ಕಣೇ."

"ರುದ್ರೇಶಣ್ಣ ತಮ್ಮನೆ ಮುಂದಿನ ಚರಂಡಿಗೋಸ್ಕರ ಒಂದಿನ ಎದ್ದು ಬಂದೋರಲ್ಲ. ಭೂಮಿಗೋಸ್ಕರ ಬತ್ತಾರಾ? ನಿಮ್ಮಿಂದ ಏನೋ ಆಗ್ಬೇಕಾಗಿದೆ, ನೋಡ್ತಿರಿ."

ಬೆಳಿಗ್ಗೆ ನನ್ನ ಕಾರೇ ಹೊರಟಿತು. ರುದ್ರೇಶಪ್ಪನವರ ಕಾರಿಗೆ ಬೇರೆಯವರು ಹತ್ತಿದರೆ ಸೀಟು ಕೊಳೆಯಾಗುತ್ತದೆ. ಡಾಕ್ಟರದು ಹೊಸದು, ಅದಕ್ಕಿನ್ನೂ ದೃಷ್ಟಿ ತಾಗುವ ವಯಸ್ಸು. ಇನ್ನೇನು ಹೊರಡಬೇಕು, ಗಿರಿಜಾ ಓಡಿಬಂದಳು. ಕೈಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು!

"ಮೂರು ಜನ ಹೊರಟ್ರೆ ಹೋದ ಕೆಲಸ ಕೆಡುತ್ತೆ ಕಣ್ರೀ. ಇದನ್ನ ನಾಲ್ಕನೆಯವ್ರು ಅಂತ ತಿಳ್ಕೊಂಡು ಕರ್ಕೊಂಡು ಹೋಗಿ."

ವೈಜ್ಞಾನಿಕ ಮನೋಭಾವದ ಮೇಲೆ ನಾನು ಎರಡು ಮಾತಾಡಿ, ಕಲ್ಲನ್ನು ಹಿಂದಿನ ಸೀಟಿನಲ್ಲಿ ಡಾಕ್ಟರ ಪಕ್ಕದಲ್ಲಿ ಕೂರಿಸಿದೆ. ಡಾಕ್ಟರು ಅದಕ್ಕೆ ಜಾಗ ಬಿಟ್ಟು ಸರಿದು ಕೂತರು.

ಒಂದು ವಿಷಯವನ್ನು ನಾನು ಆಗ ಗಮನಿಸಲಿಲ್ಲ. ಅಂದು ಸೋಮವಾರ. ರುದ್ರೇಶಪ್ಪ ಬಿಳಿ ಪಂಚೆ, ಬಿಳಿ ಅಂಗಿ, ಹಣೆ ತುಂಬಾ ವಿಭೂತಿ. ಡಾಕ್ಟರು ಬಿಳಿ ಕೋಟು. ಭಾಷಣದ ದಿನವೆಂದು ನಾನೂ ಬಿಳಿ ಜುಬ್ಬ ಹಾಕಿದ್ದೆ.

ಕಡೂರು ದಾಟುವ ಮೊದಲೇ ಜಗಳ. ಭೂಮಿಯ ಹಿತದೃಷ್ಟಿಯಿಂದ ನಾನು ಏಸಿ ಹಾಕಲಿಲ್ಲ. ರುದ್ರೇಶಪ್ಪ ಕಿಟಕಿ ಇಳಿಸಿದರು. ಧೂಳು ಬರುತ್ತದೆಂದು ಡಾಕ್ಟರು ಏರಿಸಲು ಹೇಳಿದರು. "ಭೂಮಿಗೆ ಜ್ವರ ಬಂದಿರುವ ಈ ಸಂದರ್ಭದಲ್ಲಿ..." ಎಂದು ನಾನು ಬಾಯಿ ತೆಗೆದೆ.

"ಭೂಮಿ ಜ್ವರ ಹಂಗಿರ್ಲಿ ಮೇಷ್ಟ್ರೇ," ರುದ್ರೇಶಪ್ಪ ರೇಗಿದರು. "ಶಿವನಿ ಊರಲ್ಲಿ ನಮ್ಮ ಮಾವನವ್ರಿಗೆ ಜ್ವರ ಬಂದು ಹದಿನೈದು ದಿನ ಆಯ್ತು. ಮಂಡಿ ಬಿಟ್ಟು ಹೋಗಿ ನೋಡೋಕೆ ಆಗಿಲ್ಲ. ನಮ್ಮನೆಯೋಳು ದಿನಾ ಬೈತಾಳೆ."

ರುದ್ರೇಶಪ್ಪನವರ ಹಣೆಯಿಂದ ಬೆವರು ಇಳಿದು, ವಿಭೂತಿ ಕಣ್ಣಿಗೆ ಹೋಗಿ, ಅವರು ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಕೂತರು. ಕಣ್ಣು ಕೆಂಪಗಾಗಿತ್ತು.

ಬೀರೂರಿನಲ್ಲಿ ಕಾರು ನಿಲ್ಲಿಸಿದೆ. ಕಾರ್ಯಕ್ರಮದ ಮುಖ್ಯ ಅತಿಥಿಗೆ ಹಾರ ತರುವ ಜವಾಬ್ದಾರಿ ನನ್ನದಾಗಿತ್ತು. ಇದ್ದುದರಲ್ಲಿ ದಪ್ಪನೆಯ ಸೇವಂತಿಗೆ ಹಾರ ಕೊಂಡೆ. ಹೂವಿನವಳು ಕಾರಿನೊಳಗೆ ಒಮ್ಮೆ ನೋಡಿ, ಚೌಕಾಸಿಗೆ ನಿಲ್ಲದೆ ಕೊಟ್ಟು, ಮೇಲೊಂದು ಹಿಡಿ ಬಿಡಿ ಹೂವನ್ನೂ ಹಾಕಿದಳು. ಬೀರೂರಿನಲ್ಲಿ ಹೀಗೆ ನಡೆಯುವುದುಂಟೆ? ಅನುಮಾನ ಬರಬೇಕಾಗಿದ್ದುದು ಅಲ್ಲಿ. ಬರಲಿಲ್ಲ!

ಅಷ್ಟರಲ್ಲಿ ಎದುರಿನ ಹಾರ್ಡ್‌ವೇರ್ ಅಂಗಡಿಯಿಂದ ಪರಮೇಶಿ ಇಳಿದು ಬಂದ. ಇವನು ರುದ್ರೇಶಪ್ಪನವರ ಹೆಂಡತಿ ಶೈಲಾಳಿಗೆ ಚಿಕ್ಕಪ್ಪನ ಮಗ.

"ಏನ್ ಭಾವ, ಮೂವರೂ ಒಂದೇ ಕಾರಲ್ಲಿ?"

"ಮೇಷ್ಟ್ರನ್ನೇ ಕೇಳಪ್ಪಾ" ಎಂದು ರುದ್ರೇಶಪ್ಪ ಮತ್ತೆ ಕಣ್ಣಿಗೆ ಟವೆಲು ಒತ್ತಿಕೊಂಡರು.

ನಾನು ಹೆಮ್ಮೆಯಿಂದ, "ಹವಾಮಾನ ಬದಲಾವಣೆ ತಡೆಯೋಕೆ ಒಂದೇ ಕಾರಲ್ಲಿ ಹೋಗ್ತಾ ಇದ್ದೀವಿ" ಎಂದೆ.

ಪರಮೇಶಿ ನನ್ನನ್ನು ನೋಡಿದ. ಹಾರ ನೋಡಿದ. ಭಾವನ ಕೆಂಪು ಕಣ್ಣು ನೋಡಿದ. ನನ್ನನ್ನು ಪಕ್ಕಕ್ಕೆ ಕರೆದು ಕೈ ಹಿಡಿದುಕೊಂಡು ಪಿಸುಗುಟ್ಟಿದ.

"ಗೊತ್ತಾಯ್ತು ಮೇಷ್ಟ್ರೇ. ಭಾವಂಗೆ ಇನ್ನೂ ಹೇಳಿಲ್ಲ ಅಲ್ವಾ?"

"ಹೇಳಿದೀನಪ್ಪಾ. ಅವ್ರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ" ಎಂದೆ.

ಅವನು ತಲೆ ತಗ್ಗಿಸಿ ಹೊರಟುಹೋದ. ಯುವಕರಲ್ಲಿ ಭೂಮಿಯ ಬಗ್ಗೆ ಎಷ್ಟು ಸಂಕಟ ಎಂದು ನನ್ನ ಎದೆ ಉಬ್ಬಿತು!

ತರೀಕೆರೆ ಇನ್ನೇನು ಬಂತು ಎನ್ನುವಾಗ ರುದ್ರೇಶಪ್ಪನವರ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಶೈಲಾಳ ಅಳು ಕಾರಿನ ತುಂಬಾ ಕೇಳಿಸಿತು.

"ನಿಮ್ಗೆ ಗೊತ್ತಿದ್ರೂ ನಂಗ್ಯಾಕ್ರೀ ಹೇಳ್ಲಿಲ್ಲ? ಅಪ್ಪ ಹೋಗ್ಬಿಟ್ರಂತಲ್ರೀ! ಪರಮೇಶಿ ಈಗ ಫೋನ್ ಮಾಡಿದ್ದ. ನಾನು ಚಿಕ್ಕಪ್ಪನ ಕಾರಲ್ಲಿ ಶಿವನಿ ಕಡೆ ಹೊರ್ಟಿದೀನಿ."

ರುದ್ರೇಶಪ್ಪ ಫೋನು ಕೆಳಗಿಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದರು. ಆ ನೋಟ ನನಗೆ ಇನ್ನೂ ಕನಸಿನಲ್ಲಿ ಬರುತ್ತದೆ.

"ಈಗ ಅರ್ಥ ಆಯ್ತು ಬಿಡಿ. ಅದಕ್ಕೇ ಒಂದೇ ಕಾರು ಅಂದ್ರಿ!"

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹತ್ತಿರದವರು ಯಾರಾದರೂ ತೀರಿಕೊಂಡರೆ ನೆಂಟನಿಗೆ ನೇರವಾಗಿ ಹೇಳುವುದಿಲ್ಲ. ಸ್ನೇಹಿತರಿಬ್ಬರು ಬಂದು, "ಸುಮ್ನೆ ಬನ್ನಿ, ಒಂದು ಕೆಲಸ ಇದೆ, ನಮ್ಮ ಕಾರಲ್ಲೇ ಹೋಗೋಣ" ಎಂದು ಕೂರಿಸಿಕೊಂಡು ಹೋಗುತ್ತಾರೆ. ಸ್ವಂತ ಕಾರಿರುವ ಗಂಡಸರು ಇನ್ನೊಬ್ಬರ ಕಾರಿನಲ್ಲಿ ಕೂರುವುದು ಹೆಚ್ಚಾಗಿ ಇಂಥ ಕೆಲಸಕ್ಕೇ.

"ಇಲ್ಲ ಸಾವ್ಕಾರ್ರೇ, ನಿಜವಾಗ್ಲೂ ಭೂಮಿಗೋಸ್ಕರ..."

"ಇನ್ನೂ ಯಾಕೆ ಸುಳ್ಳು ಹೇಳ್ತೀರಾ? ಹಾರ ಬೇರೆ ತಗೊಂಡಿದೀರಾ!"

"ನಂಗಾದ್ರೂ ಒಂದು ಮಾತು ಹೇಳ್ಬಹುದಿತ್ತು ಸಾರ್" ಎಂದು ಹಿಂದಿನಿಂದ ಡಾಕ್ಟರು ನೊಂದುಕೊಂಡರು.

ಈಗ ನನಗೂ ಅನುಮಾನ ಬಂತು. ಗಿರಿಜಾಗೆ ಏನಾದರೂ ಮೊದಲೇ ಗೊತ್ತಿತ್ತೇ? ಅಷ್ಟು ದೊಡ್ಡ ಕಲ್ಲು ಸುಮ್ಮನೆ ಕೊಟ್ಟಳೇ? ಎಲ್ಲರೂ ಇಷ್ಟು ಗಟ್ಟಿಯಾಗಿ ಹೇಳುವಾಗ ಒಬ್ಬ ಮನುಷ್ಯ ಎಷ್ಟು ಹೊತ್ತು ತನ್ನನ್ನೇ ನಂಬಿಕೊಂಡಿರಲು ಸಾಧ್ಯ? ಮಾವನವರಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಶಿವನಿಯಲ್ಲೇ ಇರುವ ಅವರ ಮಗನಿಗೆ ಮಾಡಿದರೆ ಬಿಜಿ, ಬಿಜಿ, ಮತ್ತೆ ಬಿಜಿ. ರುದ್ರೇಶಪ್ಪ ಚಿಕ್ಕ ಮಕ್ಕಳಂತೆ ಅಳಲು ಶುರುಮಾಡಿದರು. "ಹದಿನೈದು ದಿನದಿಂದ ಹೋಗೋಣ ಹೋಗೋಣ ಅಂದ್ಕೊಂಡೇ ಇದ್ನಲ್ಲಾ" ಎಂದರು. ಆ ಅಳುವಿನಲ್ಲಿ ವಿಭೂತಿಯ ಪಾತ್ರವಿರಲಿಲ್ಲ. ಭಾಷಣ ಬಿಟ್ಟು, ಏಸಿಯನ್ನು ನಾನೇ ಪೂರ್ತಿ ತಿರುಗಿಸಿ, ಶಿವನಿಗೆ ಹೋಗುವ ಅಜ್ಜಂಪುರದ ರಸ್ತೆಗೆ ಕಾರು ಹೊಡೆದೆ.

ಶಿವನಿಯ ಆ ಬೀದಿಗೆ ನಮ್ಮ ಕಾರು ನುಗ್ಗಲು ಜಾಗವಿರಲಿಲ್ಲ. ಕಾರೋ ಕಾರು! ಕಡೂರಿನವು, ಬೀರೂರಿನವು, ಅಜ್ಜಂಪುರದವು. ಎಲ್ಲದರಲ್ಲೂ ಒಬ್ಬೊಬ್ಬರು, ಹೆಚ್ಚೆಂದರೆ ಇಬ್ಬರು ಬಂದಿದ್ದರು. ಶಾಮಿಯಾನದ ಟೆಂಪೋ ಕೂಡ ಬಂದು ನಿಂತಿತ್ತು. ನಾನು ಉಳಿಸಹೊರಟದ್ದು ಎರಡೇ ಎರಡು ಕಾರಿನ ಹೊಗೆಯನ್ನು. ಅಲ್ಲಿ ನಿಂತಿದ್ದವನ್ನು ಎಣಿಸಲು ನನಗೆ ಧೈರ್ಯ ಬರಲಿಲ್ಲ.

ಜನರನ್ನು ಸರಿಸಿಕೊಂಡು ಮುಂದೆ ಹೋದೆವು. ಜಗಲಿಯ ಮೇಲೆ ಮಾವನವರಾದ ಸಿದ್ಧಲಿಂಗಪ್ಪನವರು ಕೂತು ರಾಗಿ ಅಂಬಲಿ ಕುಡಿಯುತ್ತಿದ್ದರು!

ರುದ್ರೇಶಪ್ಪ "ಮಾವಾ!" ಎಂದು ಅವರ ಕಾಲಿಗೆ ಬಿದ್ದರು. ಅಳಿಯನನ್ನು ಸಿಕ್ಕಿಬಿದ್ದ ಕಳ್ಳನನ್ನು ನೋಡುವಂತೆ ನೋಡಿ ಮುದುಕರು ಲೋಟ ಪಕ್ಕಕ್ಕಿಟ್ಟರು.

"ಏಳಿ ಅಳಿಯಂದ್ರೇ. ಏನಿವತ್ತು ನಿಮ್ಗೆಲ್ಲ? ಬಂದೋರೆಲ್ಲ ನನ್ ಮುಖ ನೋಡಿ ಬೆಚ್ಚಿ ಬೀಳ್ತಾವ್ರೆ. ನಾನು ಫೋನ್ ಆಫ್ ಮಾಡಿ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋಗಿದ್ದೆ ಅಷ್ಟೇ. ಬರೋ ಹೊತ್ಗೆ ಶಾಮಿಯಾನ ಬಂದ್ಬಿಟ್ಟೈತೆ!"

ಅವರ ಕಣ್ಣು ನನ್ನ ಬೆನ್ನ ಹಿಂದೆ ಅಡಗಿದ್ದ ಹಾರದ ಮೇಲೆ ಬಿತ್ತು. ಮುದುಕರು ಹಾಗೇ ನನ್ನನ್ನು ಅಳೆದರು.

"ಇವ್ರ್ಯಾರು?"

ವಿಚಾರಣೆ ಶುರುವಾಯಿತು. ಶೈಲಾ ಪರಮೇಶಿಯ ಕಡೆ ನೋಡಿದಳು. ಪರಮೇಶಿ ನನ್ನ ಕಡೆ ಬೆರಳು ತೋರಿಸಿದ. ಇಡೀ ಬೀದಿ ನನ್ನ ಕಡೆ ತಿರುಗಿತು. ನಾನು ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಮೂರು ಕಾರು, ಹೊಗೆ, ಒಂದೇ ಕಾರು, ಮುಖ್ಯ ಅತಿಥಿಯ ಹಾರ. ಆಮೇಲೆ ಹಿಂದಿನಿಂದ ಯಾರೋ ಹಿರಿಯರು ಪಕ್ಕದವರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಅದಲ್ಲ ಕಣೋ, ಬೇರೆ ಏನೋ ಐತೆ. ಎಲ್ಲೋ ಸೈಟು ನೋಡಕ್ಕೆ ಹೊರಟಿದ್ರು ಅನ್ಸುತ್ತೆ. ಬಾಯಿ ಬಿಡ್ತಿಲ್ಲ."

ಸಿದ್ಧಲಿಂಗಪ್ಪನವರು ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಬೀದಿಯ ತುದಿಯವರೆಗೂ ನಿಂತ ಕಾರುಗಳನ್ನು ಒಂದೊಂದಾಗಿ ನೋಡಿದರು.

"ಜ್ವರ ಬಂದು ಮಲಗಿದ್ದಾಗ ಇವ್ರೆಲ್ಲರ್ಗೂ ಹೇಳಿ ಕಳಿಸಿದ್ದೆ. ಒಬ್ರೂ ಬರ್ಲಿಲ್ಲ. ಬತ್ತೀನಿ, ನಾಳೆ ಬತ್ತೀನಿ ಅಂದ್ರು. ಸತ್ತೆ ಅಂದ್ ತಕ್ಷಣ ಕೆಲ್ಸ ಬಿಟ್ಟು ಓಡಿ ಬಂದವ್ರೆ!"

ರುದ್ರೇಶಪ್ಪ ತಲೆ ಎತ್ತಲಿಲ್ಲ. ಪರಮೇಶಿ ಶಾಮಿಯಾನದವನಿಗೆ ಹೋಗು ಎಂದು ಕೈಸನ್ನೆ ಮಾಡಿದ. ನಾನು ಅವರಿಗೆ ನೆಂಟನೂ ಅಲ್ಲ, ಆದರೂ ನಾಚಿಕೆಯಾಯಿತು.

"ಅದಿರ್ಲಿ, ಭಾಷಣದಲ್ಲಿ ಏನ್ ಹೇಳೋರಿದ್ರಿ ಮೇಷ್ಟ್ರೇ?" ಮುದುಕರು ಕೇಳಿದರು.

"ಭೂಮಿಗೆ ಜ್ವರ ಬಂದಿದೆ ಅಂತ..."

"ಬರೀ ಜ್ವರ ಅಂದ್ರೆ ಯಾರು ಬತ್ತಾರೆ? ಹೋಗ್ಬಿಟ್ಲು ಅಂತ ಹೇಳಿ. ಕಾರ್ ಮಾಡ್ಕೊಂಡು ಬತ್ತಾರೆ!"

ಹಾಗೆಂದು ಕತ್ತು ಮುಂದೆ ಚಾಚಿದರು. "ತಂದಿದೀರಲ್ಲಾ, ಹಾಕಿ. ಆಮೇಲೆ ಹಾಕಿದ್ರೆ ನಂಗೇನ್ ಗೊತ್ತಾಗುತ್ತೆ?"

ಮುಖ್ಯ ಅತಿಥಿಯ ಹಾರವನ್ನು ಅವರ ಕೊರಳಿಗೆ ಹಾಕಿದೆ. ಸಾವಿಗೆ ಬಂದವರು ಏನು ಮಾಡುವುದೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಎಲ್ಲರಿಗೂ ಉಪ್ಪಿಟ್ಟು ಆಯಿತು.

ಹೊರಡುವಾಗ ರುದ್ರೇಶಪ್ಪ, "ನಾನು ನಾಲ್ಕು ದಿನ ಇಲ್ಲೇ ಇರ್ತೀನಿ ಮೇಷ್ಟ್ರೇ" ಎಂದರು. ಡಾಕ್ಟರು ಅಜ್ಜಂಪುರದ ಯಾರದೋ ಕಾರು ಹತ್ತಿ ಹಲ್ಲುಗಳ ಕಡೆ ಹೊರಟರು. ನಾನು ಒಬ್ಬನೇ ತರೀಕೆರೆ ಸೇರುವ ಹೊತ್ತಿಗೆ ಕಾರ್ಯಕ್ರಮ ಮುಗಿದಿತ್ತು. ಅತಿಥಿಗಳಿಗೆ ಹಾರವಿಲ್ಲದೆ ಬರೀ ಶಾಲು ಹೊದಿಸಿ ಕಳಿಸಿದ್ದರಂತೆ. ಯಾಕೆ ಬರಲಿಲ್ಲ ಎಂದು ಪ್ರಾಂಶುಪಾಲರು ಕೇಳಿದರು. ನಿಜ ಹೇಳಿದೆ. ಅವರೂ ನಂಬಲಿಲ್ಲ.

ಮನೆಯಲ್ಲಿ ಗಿರಿಜಾ ಎಲ್ಲ ಕೇಳಿ ಒಂದೇ ಮಾತು ಹೇಳಿದಳು. "ಕಲ್ಲಿದ್ದುದಕ್ಕೇ ಕಣ್ರೀ ಅವ್ರು ಬದುಕಿದ್ದು!"

ಈಗ ನಮ್ಮ ಬೀದಿಯಿಂದ ದಿನಾ ಬೆಳಿಗ್ಗೆ ಮತ್ತೆ ಮೂರು ಕಾರು ಹೊರಡುತ್ತವೆ. ಒಂದೇ ಕಾರಿನ ಯೋಜನೆ ನನ್ನ ಕಾರಿನಲ್ಲಿ ಮಾತ್ರ ಇನ್ನೂ ಜಾರಿಯಲ್ಲಿದೆ. ಪಕ್ಕದ ಸೀಟಿನಲ್ಲಿ ಆ ಕಲ್ಲು ಇದೆ. ಅದರ ಭಾರಕ್ಕೆ, ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ಕಾರು ಕುಂಯ್ ಕುಂಯ್ ಎನ್ನುವುದರಿಂದ ಸೀಟ್ ಬೆಲ್ಟನ್ನೂ ಹಾಕಿದ್ದೇನೆ. ದಾರಿಯುದ್ದಕ್ಕೂ ಅದಕ್ಕೆ ಭೂಮಿಯ ಜ್ವರದ ವಿಷಯ ಹೇಳುತ್ತಾ ಹೋಗುತ್ತೇನೆ. ಇಡೀ ಕಡೂರಿನಲ್ಲಿ "ಯಾಕೆ ಮೇಷ್ಟ್ರೇ?" ಎಂದು ಕೇಳದೆ ನನ್ನ ಜೊತೆ ಬಂದಿರುವುದು ಅದೊಂದೇ.