ರಂಗಯ್ಯನ ಮೂಗಿಗೆ ಹಸಿರು ದೀಪ

ನಶ್ಯವಿಲ್ಲದೆ ರಂಗಯ್ಯನ ಮಗ್ಗ ಓಡುತ್ತಿರಲಿಲ್ಲ. ಒಂದು ಚಿಟಿಕೆ ಏರಿಸಿ, ಕೇರಿಯ ಕಾಗೆಗಳೆಲ್ಲ ಹಾರುವಂತೆ ಸೀನಿದ ಮೇಲೆಯೇ ಲಾಳಿ ಕೈಗೆ ಹತ್ತುತ್ತಿದ್ದುದು. ಮೊಳಕಾಲ್ಮೂರಿನಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಹಂದಿಜ್ವರದ ಸುದ್ದಿ ಬರುವತನಕ. ಆಮೇಲೆ ಅವನು ಸೀನಿದಲ್ಲೆಲ್ಲ ಜನ ದಾರಿ ಬಿಟ್ಟರು, ಮಂತ್ರಿಯ ಕಾರಿಗೆ ಬಿಟ್ಟಂತೆ.

ನಾಳೆ ಮಗಳು ಹರಿಪ್ರಿಯಾಳ ಮದುವೆ. ಬೆಳಿಗ್ಗೆಯೇ ರಾಂಪುರದ ಬೀಗರ ಫೋನು ಬಂತು: “ಸೀನೋರು ಮಂಟಪಕ್ಕೆ ಬ್ಯಾಡ. ಧಾರೇನ ನಿಮ್ಮಣ್ಣ ಎರೀಲಿ.”

ಅಣ್ಣ ಅಶ್ವಥಪ್ಪನೊಂದಿಗೆ ರಂಗಯ್ಯ ಮಾತು ಬಿಟ್ಟು ವರ್ಷಗಳಾಗಿದ್ದವು. “ನನ್ ಮಗಳ್ ಧಾರೆ ಅವ್ನ ಕೈಲಾ?” ಎಂದು ಕುಣಿದಾಡಿದ.

“ಹಂಗಾರೆ ಚಳ್ಳಕೆರೆಗೆ ಹೋಗಿ ಮೂಗು ತೋರ್ಸಿ ಬರ್ರಿ,” ಎಂದಳು ಹೆಂಡತಿ ಸುಲೋಚನಮ್ಮ. “ಜ್ವರ ಕಂಡುಹಿಡಿಯೋ ಮಿಷನ್ ಬಂದೈತಂತೆ.”

ಚಳ್ಳಕೆರೆಯ ಲ್ಯಾಬಿನಲ್ಲಿ ಮಿಷನ್ ನಡೆಸುವ ದುರುಗೇಶ್ ಮೊದಲೇ ಹೇಳಿದ: “ಕೆಂಪು ಬಂದ್ರೆ ಜ್ವರ, ಹಸಿರು ಬಂದ್ರೆ ಇಲ್ಲ. ಆದ್ರೆ ಮಿಷನ್ ಸರಿಯಾಗಿ ಹೇಳ್ತೈತಾ ಅಂತ ನಾವಿನ್ನೂ ಅದನ್ನೇ ಪರೀಕ್ಷೆ ಮಾಡ್ತಾ ಇದೀವಿ.” ರಂಗಯ್ಯನ ಕಿವಿಗೆ ಬಿದ್ದದ್ದು ಹಸಿರೊಂದೇ.

ದುರುಗೇಶ್ ಹತ್ತಿ ಸುತ್ತಿದ ಕಡ್ಡಿಯನ್ನು ಮೂಗಿನೊಳಗೆ ಹೋದ ವರ್ಷದ ನಶ್ಯ ಕದಡುವಷ್ಟು ಆಳಕ್ಕೆ ಇಳಿಸಿ ತೆಗೆದ. ಒಂದು ಕೊಳವೆ ಮಿಷನ್ನಿನೊಳಗೆ ಹೋಯಿತು. ಅದು ಮುದಿ ಎಮ್ಮೆಯಂತೆ ಬಹಳ ಹೊತ್ತು ಮೆಲುಕು ಹಾಕಿ, ಕೊನೆಗೆ ಹಸಿರು ದೀಪ ಬಿಟ್ಟಿತು.

“ಗೆದ್ದೆ!” ಎಂದು ರಂಗಯ್ಯ ಎದ್ದ.

“ರೀ, ನಿಂತ್ಕಳ್ರಿ!” ದುರುಗೇಶ್ ಕೂಗಿದ. ಫೀಸು ಕೇಳುತ್ತಿದ್ದಾನೆಂದುಕೊಂಡ ರಂಗಯ್ಯ ಬಸ್ಸಿಗೆ ಓಡಿದ.

ಸಂಜೆ ಚಪ್ಪರದಡಿ ಬೀಗರು ಬಾಚಿ ತಬ್ಬಿಕೊಂಡರು. “ಮಿಷನ್ನೇ ಹೇಳಿದ್ಮ್ಯಾಲೆ ನಮ್ದೇನೈತ್ರೀ? ಧಾರೆ ನೀವೇ ಎರೀರಿ.”

ರಂಗಯ್ಯ ದಿಗ್ವಿಜಯ ಮುಗಿಸಿದ ರಾಜನಂತೆ ನಶ್ಯದ ಡಬ್ಬಿ ತೆರೆದ. “ತಗಳ್ರಿ, ಹಸಿರು ಮೂಗಿನ ಮಾಲು!” ಬೀಗರು ತಗೊಂಡರು, ನೆಂಟರು ತಗೊಂಡರು, ಓಲಗದವರೂ ತಗೊಂಡರು. ಅಶ್ವಥಪ್ಪನೂ ಎರಡು ಬೆರಳು ಚಾಚಿದ: “ತಮ್ಮಾ, ನಂಗೂ ಒಂದು ಚಿಟಿಕೆ ಕೊಡೋ.”

“ನಿಂಗಿಲ್ಲ,” ಎಂದು ರಂಗಯ್ಯ ಡಬ್ಬಿಯನ್ನು ಟಪ್ಪೆಂದು ಮುಚ್ಚಿದ.

ಚಪ್ಪರಕ್ಕೆ ಚಪ್ಪರವೇ ಸೀನತೊಡಗಿದಾಗ ದುರುಗೇಶ್ ಬೈಕಿನಲ್ಲಿ ಬಂದಿಳಿದ.

“ಆ ಹಸಿರು ನಿಮ್ದಲ್ಲ ಕಣ್ರೀ! ಮಿಷನ್ ನೆಟ್ಟಗೈತಾ ಅಂತ ಮೊದ್ಲು ಬರೀ ಉಪ್ಪುನೀರು ಹಾಕಿದ್ದೆ. ಆಮೇಲೆ ನಿಮ್ದು ಹಾಕ್ದೆ. ನಶ್ಯ ಸಿಕ್ಕೊಂಡು ಮಿಷನ್ನೇ ಕೆಟ್ಟು ಕೂತೈತೆ!”

“ಹಂಗಾರೆ ನಂಗೆ ಜ್ವರ ಐತೋ ಇಲ್ವೋ?”

“ಉಪ್ಪುನೀರಿಗಂತೂ ಇಲ್ಲ.”

ಬೀಗರು ಏನೋ ಹೇಳಲು ಬಾಯಿ ತೆರೆದರು. ಬಂದದ್ದು ಸೀನು. ರಂಗಯ್ಯನೂ ಸೀನಿದ. ಓಲಗದವನು ಊದಿದ್ದು ಮೂಗಿನಿಂದ.

ಸುಲೋಚನಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ನೀವೇ ಹೇಳಿದ್ರಲ್ಲ ಬೀಗರೇ, ಸೀನೋರು ಮಂಟಪಕ್ಕೆ ಬ್ಯಾಡ ಅಂತ? ಮಿಷನ್ನೂ ಕೆಟ್ಟೈತೆ, ಇನ್ನ ಯಾರ ಮೂಗು ಯಾರು ನೋಡ್ತಾರೆ? ಸೀನದಿರೋ ಭಾವನೋರೇ ಧಾರೆ ಎರೀಲಿ.”

ಎಲ್ಲರ ಕಣ್ಣೂ ಅಶ್ವಥಪ್ಪನ ಕಡೆ ತಿರುಗಿತು. ಅವನು ನಶ್ಯ ಸಿಗದ ಆ ಎರಡು ಬೆರಳನ್ನು ಮೂಗಿಗೆ ಹಿಡಿದು, ತಮ್ಮನ ಮುಖವನ್ನೇ ನೋಡುತ್ತ, ಹಾಯಾಗಿ ಒಮ್ಮೆ ಉಸಿರೆಳೆದುಕೊಂಡ.