ಅಡ್ಡಿಗೆಗೆ ಬಿದ್ದ ಸೀಲು

"ಒಣಬಟ್ಟೇಲಿ ಒರೆಸಿಡಿ, ಅಷ್ಟೇ. ನೀರು ಮಾತ್ರ ಸೋಕಿಸ್ಬೇಡಿ ರೀ," ಎಂದು ಗಂಡ ತಿರುಮಲೇಶನಿಗೆ ಹೇಳಿ ಊರ್ಮಿಳಾ ತಾಯಿಯ ಜೊತೆ ಹೂವು ತರಲು ಹೋದಳು. ಮೈಸೂರು ಅರಮನೆಯ ನಮೂನೆ ನೋಡಿ ಮಾಡಿಸಿದ ಕೆಂಪಿನ ಅಡ್ಡಿಗೆ ಅದು. ಅತ್ತೆ ನಾಗಮಣಿ ಮದುವೆಯಲ್ಲಿ ಮಗಳ ಕೊರಳಿಗೆ ಹಾಕಿದ್ದು. ಸಂಜೆ ಅಣ್ಣಾ ನಗರದ ಆರತಕ್ಷತೆಯಲ್ಲಿ ಅದು ಹೊಳೆಯಲೇಬೇಕಿತ್ತು.

ಪೆರಂಬೂರು ರೈಲ್ವೆಯ ಪಾರ್ಸೆಲ್ ಗುಮಾಸ್ತ ತಿರುಮಲೇಶ ಒರೆಸಿದ್ದೇ ಒರೆಸಿದ್ದು. ಕೆಂಪು ಮಂಕಾಗಿಯೇ ಇತ್ತು. ಪಕ್ಕದ ಮನೆಯ ಶಾರದಮ್ಮ ಕಿಟಕಿಯಲ್ಲಿ ಇಣುಕಿದರು.

"ಒರೆಸಿದ್ರೆ ಆಗತ್ತಾ? ಸುಡುನೀರಿಗೆ ಅಂಟುವಾಳ ಹಾಕಿ ಮುಳುಗಿಸಿ. ಅವ್ವಳವುದಾನ್, ಅಷ್ಟೇ!"

ಮುಳುಗಿಸಿದ. ಎತ್ತಿದಾಗ ಪದಕದ ನಡುವಿನ ಕಲ್ಲು ಕಳಚಿ ಟಣ್ಣನೆ ಪಾತ್ರೆಯ ತಳ ಸೇರಿತು. ತಿರುಮಲೇಶನ ಜೀವ ಬಾಯಿಗೆ ಬಂತು.

ಇಂಥ ಕಲ್ಲುಗಳನ್ನು ಕೂರಿಸುವುದು ಅರಗಿನ ಮೇಲೆ ತಾನೇ? ಪಾರ್ಸೆಲ್ ಗುಮಾಸ್ತನಿಗೆ ಅರಗಿಗೆ ಬರವೇ? ಆಫೀಸಿನ ಚೀಲದಿಂದ ಅರಗಿನ ಕಡ್ಡಿ ತೆಗೆದು ಬೆಂಕಿಕಡ್ಡಿ ಗೀಚಿದ. ಒಂದು ಹನಿ ಸಾಕಿತ್ತು, ದೊಡ್ಡ ಮುದ್ದೆಯೇ ಬಿದ್ದು ಕೂರಿಸಿದ ಕಲ್ಲನ್ನೂ ಮುಚ್ಚಿತು. ಅಭ್ಯಾಸಬಲ ನೋಡಿ, ಕೈ ತಾನಾಗಿ ಹಿತ್ತಾಳೆಯ ಮುದ್ರೆ ಎತ್ತಿ ಅದರ ಮೇಲೆ ಒತ್ತಿಯೇಬಿಟ್ಟಿತು!

ಅಷ್ಟರಲ್ಲಿ ಹೆಂಗಸರು ಬಂದರು. ಮಹಾರಾಣಿಯ ಪದಕ ಅರಕ್ಕೋಣಕ್ಕೆ ಹೊರಟ ಪಾರ್ಸೆಲಿನಂತೆ ಕಾಣುತ್ತಿತ್ತು.

"ನೀರಿಗೆ ಹಾಕಿದ್ರಾ?" ಊರ್ಮಿಳಾ ಕೇಳಿದಳು.

"ತಪ್ಪಾಯ್ತು ಕಣೇ," ಎಂದ ತಿರುಮಲೇಶ.

ಅವಳು ಧಡಧಡನೆ ಅಡುಗೆಮನೆಗೆ ಹೋದಳು. ನಾಗಮಣಿ ಅಳಿಯನ ಹತ್ತಿರ ಸರಿದು ಪಿಸುಗುಟ್ಟಿದರು. "ಆ ಕಲ್ಲು ನಿಮ್ಮ ಮದುವೆಗೆ ಮುಂಚೆ ನಾನು ತೊಳೆದಾಗಲೇ ಬಿದ್ದಿತ್ತು. ಗೋಂದು ಹಚ್ಚಿ ಕೂರಿಸಿದ್ದೆ. ಇಷ್ಟು ವರ್ಷ ಎದೆ ಡವಡವ ಅಂತಿತ್ತು ಅಳಿಯಂದಿರೇ! ಅವಳಿಗೆ ಹೇಳ್ಬೇಡಿ."

ತಿರುಮಲೇಶನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯನ್ನು ಸಮಾಧಾನ ಮಾಡಲು ಅಡುಗೆಮನೆಗೆ ಹೋದರೆ ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು. "ಹೋದ ಗೌರಿಹಬ್ಬಕ್ಕೆ ನಾನೂ ನೀರಿಗೆ ಹಾಕಿದ್ದೆ ರೀ. ಆಗ್ಲೇ ಮಂಕಾಗಿದ್ದು. ಅಮ್ಮಂಗೆ ಗೊತ್ತಾಗೋದು ಬೇಡ, ನಿಮ್ಮ ಮೇಲೇ ಇರ್ಲಿ."

ಮನೆಯೆಲ್ಲ ಹಗುರಾಯಿತು. ಬಿಸಿ ಕಾಫಿ ಬಂತು. ಕಿಟಕಿಯಲ್ಲಿ ಮತ್ತೆ ಶಾರದಮ್ಮನ ಮುಖ, ತಿರುಮಲೇಶನಿಗಷ್ಟೇ ಕೇಳುವ ಪಿಸುದನಿ.

"ಅಂಟುವಾಳ ನಾನು ಹೇಳಿದ್ದು ಅಂತ ಮಾತ್ರ ಯಾರಿಗೂ ಹೇಳ್ಬೇಡಿ, ಪ್ಲೀಸ್!"

ಸಂಜೆ ಆರತಕ್ಷತೆಯಲ್ಲಿ ತಾಯಿ, ಮಗಳು, ಶಾರದಮ್ಮ ಮೂವರೂ ಸೇರಿ, ಒಡವೆ ಕೈಗೆ ಸಿಕ್ಕರೆ ಗಂಡಸರು ಏನು ಮಾಡುತ್ತಾರೆಂದು ಬಂದವರಿಗೆಲ್ಲ ವರ್ಣಿಸಿದರು. ತಿರುಮಲೇಶ ತಲೆ ತಗ್ಗಿಸಿ, ಮೂರು ಗುಟ್ಟುಗಳನ್ನೂ ಜಾಂಗಿರಿಯ ಜೊತೆ ನುಂಗಿದ.